ಬೇರೆ ಬಗೆಯಾಗಿ ಕಲಿಯುವ ಮಕ್ಕಳೂ ಖಾಸಗಿ ಶಾಲೆಗಳೂ

ಜೂನ್ ತಿಂಗಳು ಸಮೀಪಿಸಿತೆಂದರೆ ಬೈಲಹೊಂಗಲದಂಥ ಪೇಟೆಯ ಊರಿನಲ್ಲಿ ಎರಡು ಚಿಂತೆಗಳು ಒಟ್ಟಿಗೆ ಮನೆಯನ್ನು ಹೊಗುತ್ತವೆ. ಒಂದು ಬಿತ್ತನೆಯ ಬೀಜದ್ದು, ಇನ್ನೊಂದು ಮಕ್ಕಳ ಶಾಲೆಯದು. ಬೀಜದ ವಿಷಯದಲ್ಲಿ ನಮ್ಮ ರೈತನು ನಾಲ್ಕು ಜನರನ್ನು ಕೇಳಿ, ಅಂಗಡಿಯವನ ಮಾತನ್ನು ಅರ್ಧದಷ್ಟೇ ನಂಬಿ, ಹಿಡಿ ಕಾಳನ್ನು ಅಂಗೈಯಲ್ಲಿ ತಿರುವಿ ನೋಡಿ ಕೊಳ್ಳುತ್ತಾನೆ. ಶಾಲೆಯ ವಿಷಯದಲ್ಲಿ ಮಾತ್ರ ಅವನೂ, ಅವನಿಗಿಂತ ಹೆಚ್ಚು ಓದಿದ ಕಾರಕೂನನೂ, ವಕೀಲನೂ ಫಲಕದ ಮೇಲಿನ ಅಕ್ಷರಗಳನ್ನು ಓದಿಯೇ ತೃಪ್ತರಾಗುತ್ತಾರೆ. ಎಲ್ಲ ಮಕ್ಕಳಂತೆ ಕಲಿಯುವ ಹುಡುಗನಿಗೆ ಇದರಿಂದ ದೊಡ್ಡ ಹಾನಿಯಾಗಲಿಕ್ಕಿಲ್ಲ. ಅವನು ಎಲ್ಲಿ ಕುಳಿತರೂ ಕಲಿತಾನು. ನಾವು ಇಂದು ಬರೆಯಹೊರಟಿರುವುದು ಹಾಗೆ ಕಲಿಯದ ಮಕ್ಕಳ ವಿಷಯವಾಗಿ.

ಇಂಥ ಹುಡುಗನನ್ನು ವಾಚಕರು ಕಂಡೇ ಇರುತ್ತಾರೆ. ಅಂಗಡಿಗೆ ಕಳಿಸಿದರೆ ಚಿಲ್ಲರೆಯನ್ನು ತಪ್ಪದೆ ಎಣಿಸಿ ತರುತ್ತಾನೆ. ಜಾತ್ರೆಯಲ್ಲಿ ಕೇಳಿದ ಡೊಳ್ಳಿನ ಪದವನ್ನು ಮರುದಿನ ಆದ್ಯಂತವಾಗಿ ಹೇಳುತ್ತಾನೆ. ಮನೆಯ ಪಂಪಸೆಟ್ಟು ಕೆಟ್ಟರೆ ಅದರ ಮುಂದೆ ಕುಳಿತು ದೋಷವನ್ನು ಹುಡುಕುತ್ತಾನೆ. ಆದರೆ ನಾಲ್ಕನೆಯ ಇಯತ್ತೆಗೆ ಬಂದರೂ ಪುಸ್ತಕದ ಒಂದು ಸಾಲನ್ನು ತೊಡರದೆ ಓದಲಾರ. ಮಾಸ್ತರರು ದಡ್ಡನೆಂದರು, ನೆರೆಯವರು ಸೋಮಾರಿಯೆಂದರು, ಅಜ್ಜಿ ದೃಷ್ಟಿ ತೆಗೆದಳು. ಕೊನೆಗೆ ಯಾರೋ ತಂದೆಯ ಕಿವಿಯಲ್ಲಿ ಹೇಳಿದರು: ಇಂಥಲ್ಲಿ ಒಂದು ಚಿಕ್ಕ ಖಾಸಗಿ ಶಾಲೆಯಿದೆ, ವರ್ಗಕ್ಕೆ ಹದಿನೈದೇ ಮಕ್ಕಳು, ಪ್ರತಿಯೊಂದು ಮಗುವಿನ ಕಡೆಗೂ ಪ್ರತ್ಯೇಕ ಲಕ್ಷ್ಯ ಕೊಡುತ್ತಾರಂತೆ. ಸಾಲಮಾಡಿಯಾದರೂ ಅಲ್ಲಿ ಸೇರಿಸಬೇಕೇ ಎಂಬುದು ಆ ತಂದೆಯ ಪ್ರಶ್ನೆ. ಬೈಲಹೊಂಗಲದಲ್ಲಿಯೂ ಕಿತ್ತೂರಿನಲ್ಲಿಯೂ ಸವದತ್ತಿಯಲ್ಲಿಯೂ ರಾಮದುರ್ಗದಲ್ಲಿಯೂ ಈ ಪ್ರಶ್ನೆಗೆ ಸರಳವಾದ ಉತ್ತರವಿಲ್ಲ.

ಈ ತೊಡಕು ಹೊಸದಾಗಿ ಹುಟ್ಟಿದ್ದೇನೂ ಅಲ್ಲ. ೧೮೯೬ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಆಂಗ್ಲ ವೈದ್ಯನು, ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲದೆ ಓದಲು ಮಾತ್ರ ಬಾರದ ಹದಿನಾಲ್ಕು ವರ್ಷದ ಹುಡುಗನೊಬ್ಬನ ವೃತ್ತಾಂತವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದನು. ನಮ್ಮ ದೇಶದ ಕಾಯಿದೆಗೆ ಆ ಹುಡುಗನ ಗುರುತು ಹತ್ತಲು ಮುಂದೆ ನೂರಿಪ್ಪತ್ತು ವರ್ಷಗಳು ಬೇಕಾದವು. ೧೯೯೫ರ ಅಂಗವಿಕಲರ ಕಾಯಿದೆಯಲ್ಲಿ ಏಳು ಬಗೆಯ ನ್ಯೂನತೆಗಳನ್ನು ಹೆಸರಿಸಿದ್ದರೂ ಕಲಿಕೆಯ ನ್ಯೂನತೆಗೆ ಅಲ್ಲಿ ಸ್ಥಳವಿರಲಿಲ್ಲ. ೨೦೧೬ರ ಕಾಯಿದೆಯ ಇಪ್ಪತ್ತೊಂದು ಹೆಸರುಗಳಲ್ಲಿ ಅದು ಸೇರಿತು. ೨೦೦೭ರಲ್ಲಿ ಬಂದ ‘ತಾರೇ ಜಮೀನ್ ಪರ್’ ಚಿತ್ರಪಟವು ಕಾಯಿದೆಗಿಂತ ಮೊದಲೇ ಅನೇಕ ತಾಯಂದಿರಿಗೆ ಇದರ ಪರಿಚಯ ಮಾಡಿಕೊಟ್ಟಿತೆಂಬುದು ಶಾಸನಕರ್ತರಿಗೆ ಭೂಷಣವಾದ ಮಾತಲ್ಲ.

ಕನ್ನಡದ ಮಗುವಿಗೆ ಈ ತೊಡಕು ಯಾವ ರೂಪದಲ್ಲಿ ಬರುತ್ತದೆಂಬುದನ್ನು ಪಾಲಕರು ತಿಳಿದಿರುವುದು ಅವಶ್ಯ. ನಮ್ಮ ವರ್ಣಮಾಲೆಯು ಉಚ್ಚಾರಕ್ಕೆ ನಿಷ್ಠವಾದದ್ದೆಂದು ನಾವು ಹೆಮ್ಮೆಪಡುತ್ತೇವೆ. ಅದು ನಿಜವೂ ಹೌದು. ಆದರೆ ಕಾಗುಣಿತವೂ ಒತ್ತಕ್ಷರಗಳೂ ಸೇರಿದಾಗ ಮಗುವು ಗುರುತಿಸಬೇಕಾದ ರೂಪಗಳು ನಲವತ್ತೊಂಬತ್ತಲ್ಲ, ನೂರಾರು. ಬೆಂಗಳೂರಿನಲ್ಲಿ ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ವಿಷಯವಾಗಿ ನಡೆಸಿ ೨೦೦೭ರಲ್ಲಿ ಪ್ರಕಟಿಸಿದ ಅಭ್ಯಾಸವು, ಅಕ್ಷರಗಳು ಪೂರ್ಣವಾಗಿ ವಶವಾಗುವುದಕ್ಕೆ ಮಕ್ಕಳಿಗೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳು ಬೇಕಾಗುತ್ತವೆಂದು ತೋರಿಸಿದೆ. ‘ಧರ್ಮ’ವೆಂಬಲ್ಲಿ ರಕಾರವನ್ನು ಮೊದಲು ನುಡಿದು ಆಮೇಲೆ ಬರೆಯಬೇಕು, ‘ಕಿ’ಗೂ ‘ಕೀ’ಗೂ ನಡುವೆ ಒಂದು ದೀರ್ಘದ ಅಂತರ. ಸಾಮಾನ್ಯ ಮಗುವು ಎಡವಿ ಎದ್ದು ಮುಂದಕ್ಕೆ ಹೋಗುವ ಈ ಮೆಟ್ಟಿಲುಗಳಲ್ಲಿ ಬೇರೆ ಬಗೆಯಾಗಿ ಕಲಿಯುವ ಮಗುವು ವರುಷಗಟ್ಟಲೆ ನಿಲ್ಲುತ್ತದೆ. ಅದರ ಮೇಲೆ ಮನೆಯ ಮಾತು ‘ಬಂದಾನ’, ಪುಸ್ತಕದ ಮಾತು ‘ಬಂದಿದ್ದಾನೆ’.

ಮೂರನೆಯ ಇಯತ್ತೆಯವರೆಗೆ ಇದು ಮುಚ್ಚಿಕೊಂಡಿರುವುದಕ್ಕೆ ಇನ್ನೊಂದು ಕಾರಣವುಂಟು. ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ತಾಲೂಕಿನಲ್ಲಿ ಹುಟ್ಟಿ, ಮುಂದೆ ರಾಜ್ಯದ ಸರಕಾರೀ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಮಗುವು ತನ್ನ ನಡಿಗೆಯಲ್ಲಿಯೇ ಏಣಿಯನ್ನು ಏರುತ್ತದೆ. ಪದ್ಧತಿಯು ಒಳ್ಳೆಯದು. ನಾಲ್ಕನೆಯ ಇಯತ್ತೆಯಲ್ಲಿ ಏಣಿ ಹೋಗಿ ಪುಸ್ತಕ ಬರುತ್ತದೆ. ಅಂದೇ ಹುಡುಗನು ಹಿಂದುಳಿದದ್ದು ಊರಿಗೆಲ್ಲ ಗೊತ್ತಾಗುತ್ತದೆ. ಖಾಸಗಿ ಶಾಲೆಯ ಶೋಧವೂ ಅಲ್ಲಿಂದಲೇ ಪ್ರಾರಂಭ.

ಶೋಧಕ್ಕೆ ಮೊದಲು ಮಾಡಬೇಕಾದ ಕೆಲಸವು ಬೇರೆಯಿದೆ. ಕಣ್ಣನ್ನೂ ಕಿವಿಯನ್ನೂ ತಾಲೂಕಾ ಆಸ್ಪತ್ರೆಯಲ್ಲಿ ತೋರಿಸಬೇಕು. ಕರಿಹಲಗೆಯ ಅಕ್ಷರ ಕಾಣದ್ದಕ್ಕೆ ದಡ್ಡನೆನಿಸಿಕೊಂಡ ಮಕ್ಕಳು ನಮ್ಮಲ್ಲಿ ಸ್ವಲ್ಪವಲ್ಲ. ೨೦೧೩ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ಸರಕಾರೀ ಶಾಲೆಗೆ ಬಂದಾಗ ಪರೀಕ್ಷಿಸಬೇಕಾದ ವಿಷಯಗಳ ಪಟ್ಟಿಯಲ್ಲಿ ಕಲಿಕೆಯ ದೋಷವೂ ಇದೆ. ಪಾಲಕನು ಅದನ್ನು ಹೆಸರು ಹಿಡಿದು ಕೇಳಬೇಕು. ಆ ಬಳಿಕ ಮನಶ್ಶಾಸ್ತ್ರಜ್ಞರ ಪರೀಕ್ಷೆ. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು ಬೈಲಹೊಂಗಲಕ್ಕೆ ದೂರವಲ್ಲ. ಈ ಪರೀಕ್ಷೆಯು ಮಗುವಿನ ಮನೆಮಾತಿನಲ್ಲಿ ನಡೆಯಬೇಕು. ಇಂಗ್ಲಿಷಿನ ಪ್ರಶ್ನೆಯನ್ನು ಮುಂದಿಟ್ಟು ಕನ್ನಡದ ಹುಡುಗನಿಗೆ ಓದುವ ನ್ಯೂನತೆಯಿದೆಯೆಂದು ತೀರ್ಪು ಕೊಡುವುದು ನ್ಯಾಯವಲ್ಲ. ರಾಷ್ಟ್ರೀಯ ಮೆದುಳು ಸಂಶೋಧನ ಕೇಂದ್ರವು ೨೦೧೫ರಲ್ಲಿ ಹೊರತಂದ ಪರೀಕ್ಷಾಸಾಧನವು ಹಿಂದಿ, ಮರಾಠಿ, ಇಂಗ್ಲಿಷುಗಳೊಡನೆ ಕನ್ನಡದಲ್ಲಿಯೂ ಇರುವುದರಿಂದ, ಕನ್ನಡದಲ್ಲಿ ಸಾಧನವಿಲ್ಲವೆಂಬ ನೆಪವೂ ಈಗ ಸಲ್ಲದು.

ಇನ್ನು ಖಾಸಗಿ ಶಾಲೆಯ ವಿಚಾರ. ಖಾಸಗಿ ಎಂಬ ಮಾತಿಗೇ ಹೆದರುವವರು ನಾವಲ್ಲ. ಡೆಪ್ಯುಟಿ ಚನ್ನಬಸಪ್ಪನವರು ಸರಕಾರದ ನೌಕರಿಯಲ್ಲಿದ್ದೇ ಈ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಎಬ್ಬಿಸಿದರು. ಸರಕಾರದಿಂದ ಸಾಲದೆಂದು ಕಂಡಾಗ ೧೯೧೬ರಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅದೂ ಒಂದು ಚಿಕ್ಕ ಖಾಸಗಿ ಶಾಲೆಯಾಗಿಯೇ ಹುಟ್ಟಿತು. ಖಾಸಗಿ ಎಂದರೆ ಅಂದು ಜನರ ವರ್ಗಣಿ. ಇಂದು ಬಹುತರವಾಗಿ ಜನರ ಫೀ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಚಿಕ್ಕ ವರ್ಗವು ಒಳ್ಳೆಯದೇ. ಐವತ್ತು ಜನರ ನಡುವೆ ಓದಲಾರದವನು ಅಡಗಿಕೊಳ್ಳಬಲ್ಲನು, ಹದಿನೈದು ಜನರ ನಡುವೆ ಅಡಗಲಾರನು. ಆದರೆ ಚಿಕ್ಕತನವು ತಾನೇ ಒಂದು ಶಿಕ್ಷಣ ಪದ್ಧತಿಯಲ್ಲ. ಹದಿನೈದು ಜನರಿಗೂ ಅದೇ ಪಾಠವನ್ನು ಅದೇ ರೀತಿಯಲ್ಲಿ ಹತ್ತು ಸಲ ಬರೆಸಿದರೆ ಹತ್ತು ಸಲದ ತಪ್ಪೇ ಗಟ್ಟಿಯಾದೀತು. ಅಲ್ಲದೆ, ಹದಿನೈದು ಮಕ್ಕಳ ವರ್ಗವನ್ನು ಕಾಣಲು ಹಣ ತೆರಬೇಕಾದದ್ದೂ ಇಲ್ಲ. ನಮ್ಮ ಅನೇಕ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಅಷ್ಟು ಮಕ್ಕಳೂ ಉಳಿದಿಲ್ಲ. ಅಲ್ಲಿಯ ಕೊರತೆ ಬೇರೆ: ಒಬ್ಬ ಮಾಸ್ತರರು ಮೂರು ವರ್ಗಗಳನ್ನು ನೋಡಿಕೊಳ್ಳಬೇಕು.

ನಮಗೆ ಎಲ್ಲಕ್ಕಿಂತ ಹೆಚ್ಚು ಅಪಾಯಕರವಾಗಿ ತೋರುವುದು ಭಾಷೆಯ ಪಲ್ಲಟ. ಚಿಕ್ಕ ಖಾಸಗಿ ಶಾಲೆಗಳೆಂದು ಫಲಕ ಹಾಕಿದವುಗಳಲ್ಲಿ ಬಹಳಷ್ಟು ಇಂಗ್ಲಿಷ್ ಮಾಧ್ಯಮದವು. ಮನೆಯಲ್ಲಿ ಆಡುವ ಭಾಷೆಯಲ್ಲಿಯೇ ಅಕ್ಷರವು ಹತ್ತದ ಮಗುವನ್ನು, ಬರೆದಂತೆ ಉಚ್ಚರಿಸದ ಭಾಷೆಗೆ ಒಯ್ದು ನಿಲ್ಲಿಸುವುದು, ಹಳ್ಳದಲ್ಲಿ ಈಜಲಾರದವನನ್ನು ಮಲಪ್ರಭೆಯ ಹೊನಲಿಗೆ ಇಳಿಸಿದಂತೆ. ತಂದೆಯ ಆಶೆಯನ್ನು ನಾವು ಹಗುರಾಗಿ ಕಾಣುತ್ತಿಲ್ಲ. ಇಂಗ್ಲಿಷು ಬಂದರೆ ನೌಕರಿ ಬಂದೀತೆಂಬುದು ಅವನ ಲೆಕ್ಕ. ಆದರೆ ಈ ಮಗುವಿನ ಮಟ್ಟಿಗೆ ಆ ಲೆಕ್ಕವು ತಪ್ಪು. ಓದುವ ವಿದ್ಯೆಯು ಮೊದಲು ಒಂದು ಭಾಷೆಯಲ್ಲಿ ಕೈಗೂಡಲಿ, ಎರಡನೆಯದು ಹಿಂದಿನಿಂದ ಬಂದೀತು.

ಹಾಗಾದರೆ ಪಾಲಕನು ನೋಡಬೇಕಾದದ್ದೇನು? ಕಟ್ಟಡವನ್ನಲ್ಲ, ಬಸ್ಸನ್ನಲ್ಲ. ಅರ್ಧ ತಾಸು ವರ್ಗದಲ್ಲಿ ಹಿಂದೆ ಕುಳಿತುಕೊಳ್ಳಲು ಅನುಮತಿ ಕೇಳಬೇಕು. ಕೊಡದ ಶಾಲೆಯನ್ನು ಬಿಟ್ಟುಬಿಡಬಹುದು. ವಿಶೇಷ ಶಿಕ್ಷಕರಿದ್ದಾರೆಂದು ಹೇಳಿದರೆ ಅವರ ನೋಂದಣಿಯ ಸಂಖ್ಯೆಯನ್ನು ಕೇಳಬೇಕು. ೧೯೯೨ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯಂತೆ ಇಂಥ ಶಿಕ್ಷಕರು ನೋಂದಾಯಿಸಿರಬೇಕು. ಮೂರು ತಿಂಗಳಲ್ಲಿ ನನ್ನ ಮಗನು ಈಗ ಮಾಡಲಾರದ ಯಾವುದನ್ನು ಮಾಡಬಲ್ಲನೆಂದು ಬರೆದುಕೊಡಿರೆಂದು ಕೇಳಬೇಕು. ಒಳ್ಳೆಯ ಶಿಕ್ಷಕಿಯು ‘ಒತ್ತಕ್ಷರವಿಲ್ಲದ ಹತ್ತು ಸಾಲು’ ಎಂದಾಳು; ‘ಎಲ್ಲರಂತಾಗುತ್ತಾನೆ’ ಎಂದು ಆರು ತಿಂಗಳಿನ ಭರವಸೆ ಕೊಡುವವರನ್ನು, ನೆನಪಿನ ಶಕ್ತಿಯ ಟಾನಿಕ್ ಮಾರುವವರ ಸಾಲಿನಲ್ಲಿಯೇ ಇಡಬೇಕು. ಶಾಲೆಗೆ ಸರಕಾರದ ಮಾನ್ಯತೆಯುಂಟೋ ಇಲ್ಲವೋ, ಹತ್ತನೆಯ ಇಯತ್ತೆಯ ಪರೀಕ್ಷೆಗೆ ಮಗುವಿನ ಹೆಸರು ಯಾವ ಶಾಲೆಯಿಂದ ಹೋಗುವುದೆಂಬುದನ್ನು ಮೊದಲೇ ತಿಳಿಯದಿದ್ದರೆ ಮುಂದೆ ಪಶ್ಚಾತ್ತಾಪಪಡಬೇಕಾದೀತು. ಪ್ರಮಾಣಪತ್ರವಿದ್ದ ಮಕ್ಕಳಿಗೆ ಆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವೂ ಬರೆಯುವ ಸಹಾಯಕನೂ ದೊರೆಯುವುದುಂಟು. ಅದು ಕಾಗದಪತ್ರ ಸರಿಯಿದ್ದವರಿಗೆ ಮಾತ್ರ.

ಪಾಠದ ರೀತಿಯ ವಿಷಯವಾಗಿ ಒಂದು ಮಾತು. ಅಮೇರಿಕೆಯಲ್ಲಿ ಆರ್ಟನ್ ಎಂಬ ವೈದ್ಯನೂ ಗಿಲಿಂಗಹ್ಯಾಮ್ ಎಂಬ ಶಿಕ್ಷಕಿಯೂ ೧೯೩೦ರ ಸುಮಾರಿಗೆ ರೂಪಿಸಿದ ಕ್ರಮದಲ್ಲಿ ಮಗುವು ಅಕ್ಷರವನ್ನು ಕಣ್ಣಿನಿಂದ ನೋಡಿ, ಬಾಯಿಂದ ನುಡಿದು, ಕೈಯಿಂದ ತಿದ್ದಿ ಏಕಕಾಲಕ್ಕೆ ಕಲಿಯುತ್ತದೆ. ನಮ್ಮ ಹಳೆಯ ಗಾಂವಠೀ ಸಾಲೆಯ ಐಗಳು ಮರಳಿನ ಮೇಲೆ ಬೆರಳಿನಿಂದ ತಿದ್ದಿಸಿ ಗಟ್ಟಿಯಾಗಿ ಹೇಳಿಸುತ್ತಿದ್ದದ್ದಕ್ಕೂ ಇದಕ್ಕೂ ಬಹಳ ದೂರವಿಲ್ಲ. (ಐಗಳ ಛಡಿಯನ್ನು ಮಾತ್ರ ಮರಳಿ ತರಬೇಕೆಂದು ನಾವು ಹೇಳುತ್ತಿಲ್ಲ, ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಅದನ್ನು ನಿಷೇಧಿಸಿದೆ.)

ಕಾಯಿದೆಯ ಮಾತು ಬಂದುದರಿಂದ ಅಧಿಕಾರಿ ವಾಚಕರಿಗೂ ನಾಲ್ಕು ಮಾತು ಹೇಳಬೇಕಾಗಿದೆ. ಪ್ರವೇಶಕ್ಕಾಗಿ ಮಗುವನ್ನು ಪರೀಕ್ಷೆಗೆ ಒಳಪಡಿಸಿ ತಿರಸ್ಕರಿಸುವ ಶಾಲೆಗೆ ೨೦೦೯ರ ಕಾಯಿದೆಯಲ್ಲಿ ಮೊದಲ ತಪ್ಪಿಗೆ ಇಪ್ಪತ್ತೈದು ಸಾವಿರ ರೂಪಾಯಿಯವರೆಗೆ ದಂಡವಿದೆ. ಕಲಿಕೆಯ ನ್ಯೂನತೆಯನ್ನು ಬೇಗನೆ ಗುರುತಿಸಿ ತಕ್ಕ ಉಪಾಯ ಮಾಡಬೇಕೆಂಬ ೨೦೧೬ರ ಕಾಯಿದೆಯ ಹದಿನಾರನೆಯ ಕಲಮು ಸರಕಾರದ ಶಾಲೆಗಳಿಗಷ್ಟೇ ಅಲ್ಲ, ಸರಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗಳಿಗೂ ಸಲ್ಲುತ್ತದೆ. ಮೂವತ್ತೊಂದನೆಯ ಕಲಮು ಆರರಿಂದ ಹದಿನೆಂಟು ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಆಯ್ಕೆ ಎಂಬ ಶಬ್ದವು ಕಾಯಿದೆಯಲ್ಲಿಯೇ ಇದೆಯೆಂಬುದನ್ನು ಗಮನಿಸಬೇಕು. ಆದರೆ ಆ ಹಕ್ಕು ನ್ಯೂನತೆಯು ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರ ಪಡೆದವರಿಗೆ ಮಾತ್ರ. ಮೂವತ್ತೈದು ಬಂದ ಮಗುವು ಯಾವ ಬಾಗಿಲನ್ನು ತಟ್ಟಬೇಕು? ಬಡವರ ಮಕ್ಕಳಿಗೆ ಖಾಸಗಿ ಶಾಲೆಗಳಲ್ಲಿ ಕಾಯ್ದಿರಿಸಿದ ನೂರಕ್ಕೆ ಇಪ್ಪತ್ತೈದು ಸ್ಥಳಗಳ ಬಾಗಿಲನ್ನಂತೂ ನಮ್ಮ ರಾಜ್ಯ ಸರಕಾರವು ೨೦೧೯ರಲ್ಲಿ, ಹತ್ತಿರದಲ್ಲಿ ಸರಕಾರೀ ಅಥವಾ ಅನುದಾನಿತ ಶಾಲೆಯಿದ್ದೆಡೆ ಮುಚ್ಚಿಬಿಟ್ಟಿತು. ನೆರೆಯ ಸರಕಾರೀ ಶಾಲೆಗೇ ಹೋಗಿರೆಂದು ಹೇಳಿದ ಸರಕಾರವು ಆ ಶಾಲೆಯಲ್ಲಿ ಈ ಮಗುವಿಗೆ ಕಲಿಸುವವರನ್ನು ಇಡಲು ಬದ್ಧವಾಗಿದೆ.

ಇಟ್ಟಿದೆಯೇ? ಪ್ರತಿ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರೆಂಬ ಹುದ್ದೆಗಳಿವೆ. ಬೆರಳೆಣಿಕೆಯ ಈ ಜನರು ತಾಲೂಕಿನ ಎಲ್ಲ ಶಾಲೆಗಳನ್ನು ಸುತ್ತಬೇಕು, ಶಾಲೆಗೆ ಬರಲಾರದ ಮಕ್ಕಳ ಮನೆಗಳಿಗೂ ಹೋಗಬೇಕು. ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ, ಮೇಲಿನ ಹಂತದಲ್ಲಿ ಹದಿನೈದಕ್ಕೆ ಒಬ್ಬ ವಿಶೇಷ ಶಿಕ್ಷಕನಿರಬೇಕೆಂದು ಹೇಳಿತು. ೨೦೨೫ರ ಮಾರ್ಚಿನಲ್ಲಿ ಹುದ್ದೆಗಳನ್ನು ಪ್ರಕಟಿಸಿರೆಂದು ರಾಜ್ಯಗಳಿಗೆ ಮತ್ತೆ ಆಜ್ಞೆ ಮಾಡಬೇಕಾಯಿತು. ಮಧ್ಯದ ಮೂರೂವರೆ ವರ್ಷಗಳಲ್ಲಿ ಮೂರನೆಯ ಇಯತ್ತೆಯ ಮಗುವು ಆರನೆಯದಕ್ಕೆ ಬಂದಿತೆಂಬುದನ್ನು ಕಡತಗಳು ಬಲ್ಲವೋ ಇಲ್ಲವೋ!

ಎಲ್ಲರೊಡನೆ ಕೂಡಿ ಕಲಿಯಲಿ, ಬೇರೆ ಶಾಲೆ ಬೇಡವೆಂಬುದು ಇಂದಿನ ಶಿಕ್ಷಣಶಾಸ್ತ್ರದ ಮತ. ತತ್ತ್ವವನ್ನು ನಾವೂ ಒಪ್ಪುತ್ತೇವೆ. ಆದರೆ ಕೂಡಿ ಕುಳ್ಳಿರಿಸಿದ್ದೇ ಕೂಡಿ ಕಲಿಸಿದಂತಾಗುವುದಿಲ್ಲ. ಹಿಂದಿನ ಬೆಂಚಿನಲ್ಲಿ ಐದು ವರುಷ ಕುಳಿತು ಏನನ್ನೂ ಕಲಿಯದೆ ಎದ್ದುಹೋದ ಮಗುವಿನ ತಂದೆಗೆ ಈ ತತ್ತ್ವವನ್ನು ಬೋಧಿಸುವ ಧೈರ್ಯ ನಮಗಿಲ್ಲ. ಅವನು ಫೀ ತೆತ್ತು ಖಾಸಗಿ ಶಾಲೆಗೆ ಹೋದರೆ ಅವನನ್ನು ಆಕ್ಷೇಪಿಸಲಾರೆವು. ಆದರೆ ನಮ್ಮ ಸಲಹೆ ಇಷ್ಟು: ನಿಜವಾದ ವಿಶೇಷ ಶಿಕ್ಷಕರು ಕನ್ನಡದಲ್ಲಿಯೇ ಕಲಿಸುವ ಶಾಲೆ ದೊರೆತರೆ ಸೇರಿಸಬೇಕು; ದೊರೆಯದಿದ್ದರೆ ಮಗುವನ್ನು ಕನ್ನಡ ಶಾಲೆಯಲ್ಲಿಯೇ ಇರಿಸಿ, ಆ ಫೀಯ ಹಣದಿಂದ ಇಂಥ ಐದಾರು ಮಕ್ಕಳ ತಂದೆತಾಯಿಗಳು ಕೂಡಿ ತರಬೇತಾದ ಒಬ್ಬ ಶಿಕ್ಷಕಿಯನ್ನು ವಾರಕ್ಕೆ ಮೂರು ದಿನ ಸಂಜೆ ಧಾರವಾಡದಿಂದಲೋ ಬೆಳಗಾವಿಯಿಂದಲೋ ಕರೆಸಿಕೊಳ್ಳುವುದು ಮೇಲು. ಕೋಣೆಯೊಂದನ್ನು ಊರಿನ ಮಠವೋ ಸಂಘವೋ ಕೊಡಲಾರದೆ?

ಕ್ಷೇತ್ರ ಶಿಕ್ಷಣಾಧಿಕಾರಿಗಳಲ್ಲಿಯೂ ನಮ್ಮದೊಂದು ಬಿನ್ನಹ. ಸಂಪನ್ಮೂಲ ಶಿಕ್ಷಕರು ಯಾವ ವಾರ ಯಾವ ಶಾಲೆಗೆ ಬರುವರೆಂಬ ಪಟ್ಟಿಯನ್ನು ಜೂನ್ ತಿಂಗಳ ಮೊದಲಿಗೇ ಬರೆಯಿಸಿ ತಮ್ಮ ಕಚೇರಿಯ ಫಲಕದ ಮೇಲೆಯೂ ಪ್ರತಿ ಶಾಲೆಯ ಬಾಗಿಲಿನಲ್ಲಿಯೂ ಹಚ್ಚಿಸಲಿ. ಅದಕ್ಕೆ ಬೆಂಗಳೂರಿನ ಮಂಜೂರಾತಿ ಬೇಕಾಗಿಲ್ಲ.