ನಿಂಟೆಂಡೋ ಪಟ್ಟಿಯಲ್ಲಿ ಭಾರತವೇಕಿಲ್ಲ?

ಜಪಾನಿನ ನಿಂಟೆಂಡೋ ಕಂಪನಿಯ 'ಸ್ವಿಚ್ 2' ಗೇಮ್ ಕನ್ಸೋಲ್ 2025ರ ಜೂನ್ 5ರಂದು ಅಮೆರಿಕ, ಯುರೋಪು, ಜಪಾನ್‌ಗಳಲ್ಲಿ ಬಿಡುಗಡೆಯಾದಾಗ ಆ ಪಟ್ಟಿಯಲ್ಲಿ ಭಾರತವಿರಲಿಲ್ಲ. ಠಾಣೆ, ಡೊಂಬಿವಲಿಯ ಮಕ್ಕಳು ಹಟ ಹಿಡಿದರೆ ಪಾಲಕರು ಲೋಕಲ್ ಹತ್ತಿ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹೊರಗಿನಿಂದ ತಂದ ಮಾಲನ್ನು ಅರಸಬೇಕು. ಬೆಲೆ ಅಂಗಡಿಯವರು ಹೇಳಿದಷ್ಟು, ವಾರಂಟಿಯ ಮಾತೆತ್ತುವಂತಿಲ್ಲ.

ವಿಪರ್ಯಾಸವೆಂದರೆ, ನಮ್ಮ ನೆರೆಯ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆ ನಿರ್ಮಿಸಿದ 'ರಾಜಿ' ಎಂಬ ಗೇಮ್ 2020ರ ಆಗಸ್ಟ್‌ನಲ್ಲಿ ಮೊಟ್ಟಮೊದಲು ಬಿಡುಗಡೆಯಾದದ್ದು ಇದೇ ನಿಂಟೆಂಡೋದ ಹಿಂದಿನ ಸ್ವಿಚ್‌ನಲ್ಲಿ! ದುರ್ಗೆಯ ತ್ರಿಶೂಲ ಹಿಡಿದು ತಮ್ಮನನ್ನು ಹುಡುಕಿ ಹೊರಟ ಬಾಲೆಯ ಆ ಕಥೆ ಉಳಿದ ಕನ್ಸೋಲ್‌ಗಳಿಗೂ ಕಂಪ್ಯೂಟರಿಗೂ ಬಂದದ್ದು ಅಕ್ಟೋಬರಿನಲ್ಲಿ. ಹಿಂದಿ ಧ್ವನಿ ಸೇರಿದ್ದು 2022ರಲ್ಲಿ. ಕನ್ನಡದ ಸರದಿ ಎಂದಿಗೋ!

ಅಧಿಕೃತವಾಗಿ ಬಂದ ಸೋನಿಯದೂ ಸುಗಮ ಕಥೆಯಲ್ಲ. 2021ರ ಫೆಬ್ರವರಿಯಲ್ಲಿ 49,990 ರೂಪಾಯಿಗೆ ದೊರೆತ ಡಿಸ್ಕ್ ಸಹಿತ ಪ್ಲೇಸ್ಟೇಷನ್ 5, 2022ರ ನವೆಂಬರಿನಲ್ಲಿ 54,990ಕ್ಕೇರಿತು. ಹಳೆಯದಾದಂತೆ ಅಗ್ಗವಾಗಬೇಕಾದ ವಸ್ತು ದುಬಾರಿಯಾಯಿತು.

ಕನ್ಸೋಲ್ ವ್ಯಾಪಾರದಲ್ಲಿ ಲಾಭದ ಬಹುಪಾಲು ಯಂತ್ರದಿಂದಲ್ಲ, ಆನಂತರ ಕೊಳ್ಳುವ ಗೇಮ್‌ಗಳಿಂದ. ಮೊಬೈಲಿನಲ್ಲಿ ಪುಕ್ಕಟೆಯಾಗಿ ಆಡುವ ನಾಡಿಗೆ ಬರಲು ಕಂಪನಿ ಹಿಂಜರಿಯುವುದು ಸಹಜವೇ. ಆದರೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮಾರಾಟವಾದ ಯಂತ್ರವು ದುಬೈಯದೋ ಹಾಂಗ್‌ಕಾಂಗಿನದೋ ಖಾತೆಗೆ ಜಮೆಯಾಗುತ್ತದೆ. ಆ ಖಾತೆಯನ್ನಷ್ಟೇ ನೋಡಿದವರಿಗೆ ಭಾರತದಲ್ಲಿ ಗಿರಾಕಿಗಳೇ ಕಾಣಿಸುವುದಿಲ್ಲ.