ಒಂದು ಎಸ್‌ಎಂಪಿಎಸ್ಸೋ, ಎರಡೋ?

ಹುಬ್ಬಳ್ಳಿಯ ಗಬ್ಬೂರಿನಲ್ಲಿ ಮನೆ ಮಾಡಿಕೊಂಡು ವಿದ್ಯಾನಗರದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯಕ್ಕೋ, ಧಾರವಾಡದ ಐಐಟಿಗೋ ಓಡಾಡುವ ವಿದ್ಯಾರ್ಥಿ ಮನೆಯಲ್ಲೇ ದೊಡ್ಡದೊಂದು ಭಾಷಾ ಮಾದರಿ ಓಡಿಸಬೇಕೆಂದುಕೊಂಡರೆ ಮೊದಲು ಎದುರಾಗುವುದು ಮೆಮೊರಿಯ ಲೆಕ್ಕ. 7,000 ಕೋಟಿ ಪ್ಯಾರಾಮೀಟರಿನ ಮಾದರಿಯನ್ನು 4 ಬಿಟ್‌ಗೆ ಇಳಿಸಿದರೂ 40 ಜಿಬಿ ಆಸುಪಾಸು ಜಾಗ ಬೇಕು. ಎನ್‌ವಿಡಿಯಾದ ದುಬಾರಿ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 5090ರಲ್ಲಿ ಇರುವುದೇ 32 ಜಿಬಿ. 2020ರಲ್ಲಿ ಬಂದ 3090ರಲ್ಲಿ 24 ಜಿಬಿ ಇದೆ, ಎರಡು ಕೂಡಿದರೆ 48. ಕ್ರಿಪ್ಟೊ ಜಾಲ ಇಥೀರಿಯಂ 2022ರ ಸೆಪ್ಟೆಂಬರ್‌ನಲ್ಲಿ ಗಣಿಗಾರಿಕೆ ನಿಲ್ಲಿಸಿದ ಮೇಲೆ ಬಳಸಿದ ಕಾರ್ಡುಗಳು ಮಾರುಕಟ್ಟೆಗೆ ರಾಶಿರಾಶಿ ಬಂದವು. ಹೀಗಾಗಿ ಎರಡು ಹಳೇ ಕಾರ್ಡ್ ಕೂಡಿಸುವುದು ಶೋಕಿಯಲ್ಲ, ಕಡಿಮೆ ದುಡ್ಡಿನಲ್ಲಿ ಕೆಲಸ ಸಾಗಿಸುವ ದಾರಿ. ತಕರಾರು ಶುರುವಾಗುವುದು ಆ ಕಾರ್ಡುಗಳಿಗೆ ಕರೆಂಟ್ ಎಲ್ಲಿಂದ ಕೊಡುವುದು ಎಂಬಲ್ಲಿ. ಒಂದು ದೊಡ್ಡ ಎಸ್‌ಎಂಪಿಎಸ್ (ಕಂಪ್ಯೂಟರಿನ ಬಿಡಿಭಾಗಗಳಿಗೆ ಕರೆಂಟ್ ಹಂಚುವ ಘಟಕ) ಸಾಕು ಎನ್ನುವವರು ಒಂದು ಕಡೆ, ಎರಡು ಸಣ್ಣವು ಸಾಕು ಎನ್ನುವವರು ಇನ್ನೊಂದು ಕಡೆ.

ಒಂದೇ ಇರಲಿ ಎನ್ನುವವರ ವಾದಕ್ಕೆ ಗಟ್ಟಿ ಬುಡವಿದೆ. 3090 ಒಂದೊಂದೂ 350 ವಾಟ್ ಎಳೆಯುತ್ತದೆ. ಪ್ರೊಸೆಸರ್, ಮದರ್‌ಬೋರ್ಡ್, ಫ್ಯಾನು ಎಲ್ಲಕ್ಕೂ 200ರಿಂದ 250 ಇಟ್ಟುಕೊಂಡರೆ ಒಟ್ಟು 900ರಿಂದ 950 ವಾಟ್ ಆಯಿತು. ಆದರೆ ಈ ಕಾರ್ಡುಗಳು ಸದಾ ಹೇಳಿದಷ್ಟೇ ಎಳೆಯುವುದಿಲ್ಲ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಅವುಗಳ ಹಸಿವು ಹೆಚ್ಚೂಕಡಿಮೆ ದುಪ್ಪಟ್ಟಾಗುತ್ತದೆ. ಹಳೇ ಎಸ್‌ಎಂಪಿಎಸ್‌ಗಳು ಆ ಹೊಡೆತಕ್ಕೆ ತಾವೇ ಆಫ್ ಆಗಿಬಿಡುತ್ತಿದ್ದವು. 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡ ದೊಡ್ಡ ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಎರಡರಷ್ಟನ್ನು 100 ಮೈಕ್ರೊಸೆಕೆಂಡ್ ತಡೆದುಕೊಳ್ಳಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ. ಹಾಗಾಗಿ 1,200ರಿಂದ 1,600 ವಾಟಿನ ಒಂದು ಒಳ್ಳೆಯ ಘಟಕ ಇದ್ದರೆ ಅದೇ ಎಲ್ಲವನ್ನೂ ಒಟ್ಟಿಗೆ ಎಬ್ಬಿಸುತ್ತದೆ, ಒಟ್ಟಿಗೆ ಮಲಗಿಸುತ್ತದೆ. ಎಲ್ಲೋ ಶಾರ್ಟ್ ಆದರೂ ಇಡೀ ಯಂತ್ರವನ್ನು ಒಮ್ಮೆಗೇ ಕಡಿದುಹಾಕುತ್ತದೆ. ಈ ಕೊನೆಯ ಗುಣಕ್ಕೆ ಬೆಲೆ ಕಟ್ಟುವುದು ಕಷ್ಟ.

ಎರಡು ಬೇಕೆನ್ನುವವರದೂ ಬರೀ ಹಟವಲ್ಲ. 1,600 ವಾಟಿನ ಘಟಕ ಎಲ್ಲ ಅಂಗಡಿಯಲ್ಲೂ ಸಿಗುವ ಸಾಮಾನಲ್ಲ. ಹುಬ್ಬಳ್ಳಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೇಳಿ ತರಿಸಬೇಕು. ಕೆಟ್ಟರೆ ಅದು ವಾರಂಟಿಗೆ ಹೋಗಿ ಬರುವ ತನಕ ಯಂತ್ರಕ್ಕೆ ರಜೆ. ಅದೇ 750 ವಾಟಿನವು ಎರಡಿದ್ದರೆ ಒಂದು ಸತ್ತಾಗ ಇನ್ನೊಂದರಲ್ಲಿ ಒಂದು ಕಾರ್ಡಾದರೂ ಓಡುತ್ತದೆ. ಮನೆಯಲ್ಲಿ ಈಗಾಗಲೇ ಒಂದಿದ್ದರೆ ಅರ್ಧ ಖರ್ಚು ಉಳಿಯಿತು. ಮೂರು ನಾಲ್ಕು ಕಾರ್ಡಿನ ಮಾತು ಬಂದರಂತೂ ಒಂದೇ ಘಟಕದಲ್ಲಿ ಅಷ್ಟು ಕೇಬಲ್ ಸಿಗುವುದು ಕಷ್ಟ. ದುಡ್ಡು ಎಣಿಸಿ ಖರ್ಚು ಮಾಡುವವರಿಗೆ ಇವೆಲ್ಲ ಸಣ್ಣ ಮಾತಲ್ಲ.

ಆದರೆ ಎರಡರ ದಾರಿಯಲ್ಲಿ ಶಿಸ್ತು ತಪ್ಪಿದರೆ ಕಾರ್ಡ್ ಸುಡುತ್ತದೆ. ಒಂದು ಕಾರ್ಡಿಗೆ ಎರಡು ಕಡೆಯಿಂದ ಕರೆಂಟ್ ಬರುತ್ತದೆ: ಮದರ್‌ಬೋರ್ಡಿನ ಸ್ಲಾಟಿನಿಂದ ಹೆಚ್ಚೆಂದರೆ 75 ವಾಟ್, ಉಳಿದದ್ದು ಮೇಲಿನ ಕೇಬಲ್‌ಗಳಿಂದ, 8 ಪಿನ್ನಿನ ಒಂದೊಂದಕ್ಕೆ 150 ವಾಟ್ ಮಿತಿ. ಎರಡನೇ ಎಸ್‌ಎಂಪಿಎಸ್ ಮೊದಲನೆಯದರ ಜೊತೆಗೇ ಆನ್ ಆಗಬೇಕು, ಜೊತೆಗೇ ಆಫ್ ಆಗಬೇಕು. ಇದಕ್ಕೆಂದೇ ಸಣ್ಣ ಜೋಡಣಾ ಬೋರ್ಡ್ ಸಿಗುತ್ತದೆ. ಅದು ಎರಡರ ಗ್ರೌಂಡನ್ನೂ ಒಂದು ಮಾಡುತ್ತದೆ. ಹಸಿರು ವೈರಿಗೆ ಕ್ಲಿಪ್ ಸಿಕ್ಕಿಸಿ ಎರಡನೆಯದನ್ನು ಸದಾ ಆನ್ ಇಡುವ ಕಿತಾಪತಿ ಬೇಡವೇ ಬೇಡ. ಒಂದೇ ಕಾರ್ಡಿನ ಮೇಲಿನ ಕೇಬಲ್‌ಗಳನ್ನು ಎರಡು ಘಟಕಗಳಿಗೆ ಹಂಚಬಾರದು. ಕಾರ್ಡನ್ನು ಸ್ಲಾಟಿಗೆ ಜೋಡಿಸುವ ರೈಸರ್ ಬೇರೆಯಾಗಿ ಕರೆಂಟ್ ತೆಗೆದುಕೊಳ್ಳುವ ಬಗೆಯದಾದರೆ ಅದಕ್ಕೂ ಕಾರ್ಡಿಗೂ ಮೂಲ ಒಂದೇ ಇರಬೇಕು. ರೈಸರಿಗೆ ಸಾಟಾ ಕೇಬಲ್ ಸಿಕ್ಕಿಸುವವರಿದ್ದಾರೆ. ಆ ಕನೆಕ್ಟರ್ ತಡೆಯುವುದು 54 ವಾಟ್, ರೈಸರ್ ಕೇಳಬಹುದಾದದ್ದು 75. ಕರಗಿದ ಪ್ಲಾಸ್ಟಿಕ್ಕಿನ ವಾಸನೆ ಬರುವುದು ಅಲ್ಲಿಂದಲೇ. ಒಂದು ಕಂಪನಿಯ ಮಾಡ್ಯುಲರ್ ಕೇಬಲ್ಲನ್ನು ಇನ್ನೊಂದರ ಘಟಕಕ್ಕೆ ಹಾಕುವುದೂ ಅಷ್ಟೇ ಅಪಾಯ. ತುದಿ ಸರಿಯಾಗಿ ಕೂತರೂ ಒಳಗಿನ ಪಿನ್ನುಗಳ ಕ್ರಮ ಬೇರೆ ಇರಬಹುದು.

ಎರಡೂ ಪಕ್ಷದವರು ಮರೆಯುವ ಮೂರನೇ ದಾರಿಯೊಂದಿದೆ, ನನ್ನ ಒಲವು ಅದರ ಕಡೆಗೆ. ಕಾರ್ಡು ಎಷ್ಟು ವಾಟ್ ಎಳೆಯಬೇಕೆಂದು ನಾವೇ ಕಟ್ಟುಹಾಕಬಹುದು. ಎನ್‌ವಿಡಿಯಾದ ಸಾಫ್ಟ್‌ವೇರಿನಲ್ಲಿ ಒಂದು ಸಾಲಿನ ಆಜ್ಞೆ ಸಾಕು. 350ರಿಂದ 250ಕ್ಕೆ ಇಳಿಸಿದರೆ ವಿದ್ಯುತ್ ಕಾಲುಭಾಗಕ್ಕಿಂತ ಹೆಚ್ಚು ಉಳಿಯುತ್ತದೆ, ವೇಗ ಅಷ್ಟು ಪ್ರಮಾಣದಲ್ಲಿ ಬೀಳುವುದಿಲ್ಲ. ಕ್ಷಣದ ಹೊಡೆತಗಳು ಪೂರ್ತಿ ನಿಲ್ಲುವುದಿಲ್ಲವಾದ್ದರಿಂದ ಎಸ್‌ಎಂಪಿಎಸ್ಸಿನಲ್ಲಿ ಜಿಪುಣತನ ಮಾತ್ರ ಬೇಡ. ಆದರೂ ಎರಡು ಕಾರ್ಡಿಗೆ 1,000 ವಾಟಿನ ಒಂದು ಒಳ್ಳೆಯ ಘಟಕ ನಿರಾಳವಾಗಿ ಸಾಕಾಗುತ್ತದೆ. ಮೂರಕ್ಕೆ ಹೋದರೆ ಎರಡು ಘಟಕ ಹಾಕುವುದನ್ನು ನಾನು ತಪ್ಪೆನ್ನಲಾರೆ.

ಬಿಲ್ಲಿನ ಲೆಕ್ಕವೂ ಇದೇ ಮಾತನ್ನು ಹೇಳುತ್ತದೆ. ಮಿತಿ ಇಲ್ಲದ ಯಂತ್ರ ಗೋಡೆಯಿಂದ 1,000 ವಾಟಿನ ಮೇಲೆ ಎಳೆಯುತ್ತದೆ. ದಿನಕ್ಕೆ ಎಂಟು ತಾಸು ಓಡಿದರೆ ತಿಂಗಳಿಗೆ 240 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಮಿತಿ ಹಾಕಿದರೂ 185ರ ಹತ್ತಿರ ಬರುತ್ತದೆ, ಮನೆಯ ಫ್ರಿಜ್ಜು, ಗೀಸರ್ ಬೇರೆ. ಓಡಿಸುವ ತಾಸುಗಳನ್ನೇ ಕಡಿಮೆ ಮಾಡದಿದ್ದರೆ ಮನೆಮಂದಿಯ ರಿಯಾಯಿತಿ ಹೋಗುತ್ತದೆ. ಅಪ್ಪ ಅವ್ವನಿಗೆ ಇದನ್ನು ಮೊದಲೇ ಹೇಳಿ ಒಪ್ಪಿಸುವುದು ಒಳ್ಳೆಯದು.

ಇನ್ನು ಗೋಡೆಯ ಆಚೆಗಿನ ವಿಷಯ. 230 ವೋಲ್ಟ್ ಇರುವುದು ನಮ್ಮ ಭಾಗ್ಯ. ಅಮೆರಿಕದ 120 ವೋಲ್ಟಿನ ಮನೆಯಲ್ಲಿ ಇಷ್ಟೇ ಯಂತ್ರಕ್ಕೆ ಹೆಚ್ಚುಕಡಿಮೆ ದುಪ್ಪಟ್ಟು ಆಂಪಿಯರ್ ಹರಿಯಬೇಕು. 6 ಆಂಪಿನ ಸಣ್ಣ ಪ್ಲಗ್ಗಿಗೆ ಮೇಲುಮಿತಿ 1,380 ವಾಟ್. ಎರಡು 3090 ಅದರೊಳಗೆ ಬರುತ್ತವೆ, ಆದರೆ ಎಂಟು ತಾಸು ಎಡೆಬಿಡದೆ ಹರಿಯುವ ಕರೆಂಟಿಗೆ ಗೀಸರಿಗೆ ಕೊಡುವಂಥ 16 ಆಂಪಿನ ಪ್ಲಗ್ಗೇ ಸರಿ. 575 ವಾಟಿನ 5090 ಎರಡು ಹಾಕಿದರೆ ಸಣ್ಣ ಪ್ಲಗ್ಗಿನ ಮಾತೇ ಇಲ್ಲ. ಎರಡು ಎಸ್‌ಎಂಪಿಎಸ್ ಇಟ್ಟವರಂತೂ ಎರಡನ್ನೂ ಒಂದೇ ಫೇಸಿನ ಮೇಲೆ ಇಡಬೇಕು. ಮೂರು ಫೇಸಿನ ಮನೆಯಲ್ಲಿ ಒಂದು ಫೇಸ್ ಹೋಗುವುದು ನಮ್ಮ ಕಡೆ ಹೊಸದೇನಲ್ಲ; ಆಗ ಅರ್ಧ ಯಂತ್ರ ಸತ್ತು ಇನ್ನರ್ಧಕ್ಕೆ ಕರೆಂಟ್ ಹರಿಯುತ್ತಲೇ ಇರುತ್ತದೆ.

ಅರ್ಥಿಂಗ್ ಇಲ್ಲದ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್ಸಿನ ಫಿಲ್ಟರಿನಿಂದ ಸೋರುವ ಸಣ್ಣ ಕರೆಂಟ್ ಅದು. ಘಟಕ ಎರಡಾದರೆ ಸೋರಿಕೆಯೂ ಕೂಡುತ್ತದೆ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಒದ್ದೆ ಹಿಡಿದು ಅರ್ಥಿಂಗಿಗೆ ಒಳ್ಳೆಯದು, ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗ್ ಗುಂಡಿಯ ರಾಡನ್ನೇ ಬಿಟ್ಟು ಸರಿಯುತ್ತದೆ. ಯಂತ್ರಕ್ಕೆ ತೆಗೆದಿಟ್ಟ ದುಡ್ಡಿನಲ್ಲಿ ಮೊದಲ ಪಾಲು ಲೈಸೆನ್ಸ್ ಇರುವ ವೈರ್‌ಮನ್‌ಗೆ ಹೋಗಲಿ: ಬೇರೆ ಎಂಸಿಬಿ, 16 ಆಂಪಿನ ಪಾಯಿಂಟ್, ಗುಂಡಿಗೆ ನೀರು, ಮೀಟರ್ ಹಿಡಿದು ನ್ಯೂಟ್ರಲ್ಲಿಗೂ ಅರ್ಥಿಗೂ ನಡುವಿನ ವೋಲ್ಟೇಜ್ ಪರೀಕ್ಷೆ. ಮನೆಗೆ ಮಂಜೂರಾದ ಲೋಡ್ ಒಂದೇ ಕಿಲೋವಾಟ್ ಇದ್ದರೆ ಹೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು. ಇದಕ್ಕೆಲ್ಲ ಖರ್ಚು ಮಾಡಿ ಉಳಿದ ದುಡ್ಡಿನಲ್ಲಿ ದೊಡ್ಡದೊಂದು ಬರುತ್ತದೋ ಸಣ್ಣವೆರಡು ಬರುತ್ತವೋ ನೋಡಿಕೊಂಡು ತೀರ್ಮಾನಿಸಿದರಾಯಿತು.