ಹೊಸ್ತಿಲೊಳಗಿನ ಪೆಣ್ಬುಯ್ಯಲ್

ಕನ್ನಡನಾಡಿನ ವೀರಗಲ್ಲುಗಳಲ್ಲಿ ದನಗಳ ಸೂರೆಯಾದ ತುರುಗೋಳಿನೊಡನೆ 'ಪೆಣ್ಬುಯ್ಯಲ್' ಎಂಬ ಮಾತೂ ಬರುವದು. ಹೆಂಗಸರ ಮೇಲಣ ಬಲಾತ್ಕಾರವನ್ನು ತಡೆಯಹೋಗಿ ಮಡಿದವನಿಗೆ ಊರು ಕಲ್ಲು ನಿಲ್ಲಿಸಿತು. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲೊಂದಾಗಿ ಎಣಿಸಿದ ಪುಲಿಗೆರೆ, ಎಂದರೆ ಇಂದಿನ ಲಕ್ಷ್ಮೇಶ್ವರದ ಸೀಮೆಯವರು ಈ ಹಿರಿಮೆಯನ್ನು ಸಭೆಗಳಲ್ಲಿ ಕೊಂಡಾಡುವದು ಯುಕ್ತವೇ. ಆದರೆ ಬಲಾತ್ಕಾರಿಯು ಪರನಾಡಿನ ದಂಡಿನವನಾಗಿರದೆ ಕೈಹಿಡಿದ ಗಂಡನೇ ಆದಾಗ, ಅದೇ ಊರು 'ಗಂಡಹೆಂಡಿರ ಜಗಳ ಉಂಡು ಮಲಗುವ ತನಕ' ಎಂದು ಕದವಿಕ್ಕಿಕೊಳ್ಳುವದೇಕೆ? ಜಗಳಕ್ಕೆ ಇಬ್ಬರು ಬೇಕು. ಒಬ್ಬನು ಹೊಡೆದು ಒಬ್ಬಳು ಹೊಡೆಸಿಕೊಳ್ಳುವದಕ್ಕೆ ಆ ಹೆಸರು ಸಲ್ಲದು.

ಶಾಸ್ತ್ರವನ್ನು ಮುಂದೊಡ್ಡುವವರುಂಟು. ಸ್ತ್ರೀಯರನ್ನು ಗೌರವಿಸಬೇಕೆನ್ನುವ ಮನುಸ್ಮೃತಿಯ ಮೂರನೆಯ ಅಧ್ಯಾಯವು ಅವರಿಗೆ ಕಂಠಪಾಠ. ತಪ್ಪಿದ ಹೆಂಡತಿಯನ್ನು ಹಗ್ಗದಿಂದಲೋ ಬಿದಿರ ಸೀಳಿನಿಂದಲೋ ಹೊಡೆಯಬಹುದೆನ್ನುವ ಎಂಟನೆಯದನ್ನು ವೇದಿಕೆಯ ಮೇಲೆ ಓದುವದಿಲ್ಲ. (ಓದದೆಯೇ ಅದನ್ನು ಅನುಷ್ಠಾನಕ್ಕೆ ತಂದವರು ಬೇಕಾದಷ್ಟಿರುವರು!)

2005ರ ಕೌಟುಂಬಿಕ ಹಿಂಸೆಯ ಕಾಯದೆಯು ಮನೆ ಮುರಿಯುವದೆಂದು ಗದುಗಿನಿಂದ ಶಿರಹಟ್ಟಿ, ಮುಂಡರಗಿಗಳವರೆಗೆ ಕಟ್ಟೆಯ ಮೇಲೆ ಕುಳಿತವರ ಗೊಣಗು. 2006ರ ಅಕ್ಟೋಬರ 26ರಿಂದ ಜಾರಿಯಲ್ಲಿರುವ ಆ ಕಾಯದೆಯು ಮಾಡಿದ್ದೇನು? ಮನೆಯು ಯಾರ ಹೆಸರಿನಲ್ಲಿದ್ದರೂ, ಕೂಡಿ ಬಾಳಿದ ಆ ಮನೆಯಲ್ಲಿ ಇರುವ ಹಕ್ಕನ್ನು ಹೆಂಡತಿಗೆ ಕೊಟ್ಟಿತು. ಪೆಟ್ಟಿನಂತೆ ಬೈಗುಳನ್ನೂ, ಹಣವನ್ನು ಕಸಿದುಕೊಳ್ಳುವದನ್ನೂ ಹಿಂಸೆಯೆಂದಿತು. ಬೆಟಗೇರಿಯ ಮಗ್ಗಗಳಿಗೆ ಕಂಡಿಕೆ ಸುತ್ತಿ ಗಳಿಸಿದ್ದನ್ನು ಗಂಡನ ಕೈಗಿಟ್ಟು, ಉಪ್ಪಿಗೂ ಅವನನ್ನೇ ಬೇಡಬೇಕಾದವಳಿಗೆ ಈ ಕೊನೆಯ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕದವಿಕ್ಕಿಕೊಂಡ ನೆರೆಯವರಿಗೂ ಅಲ್ಲೊಂದು ಮಾತುಂಟು: ಯಾರಾದರೂ ಸಂರಕ್ಷಣಾಧಿಕಾರಿಗೆ ಸುದ್ದಿ ಕೊಡಬಹುದೆಂದೂ, ಸದ್ಭಾವದಿಂದ ಕೊಟ್ಟವರ ಮೇಲೆ ಯಾವ ಹೊಣೆಯೂ ಬಾರದೆಂದೂ ನಾಲ್ಕನೆಯ ಕಲಮು ಹೇಳುವದು.